ವೀರಮಣಿ ಹೇಳಿಸಿದ ಶೀಲ

ವೀರಮಣಿ… ಅಲ್ಲ, ವೇರಮಣಿ. ಇವತ್ತಿಗೂ ನನ್ನ ನಾಲಿಗೆ ಮೊದಲು ತಪ್ಪನ್ನೇ ನುಡಿಯುತ್ತದೆ. ಮೈಸೂರು ಕಡೆ ಹುಟ್ಟಿ ಬೀದರಿನಲ್ಲಿ ಮುದುಕಿಯಾದ ನಾನು ಆ ಪಾಲಿ ಶಬ್ದ ಕಲಿತದ್ದು ಔರಾದಿನ ಒಂದು ಬೌದ್ಧ ಮದುವೆಯಲ್ಲಿ.

ಪಂಚಶೀಲ ಹೇಳಿಸುತ್ತಿದ್ದ ಹಿರಿಯರನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಆ ಓಣಿಗೆ ಧಮ್ಮ ಕಲಿಸಿದವರೇ ಅವರು. ಪ್ರತಿ ಶೀಲದಲ್ಲೂ ಬರುವ ಆ ಶಬ್ದವನ್ನು ಅವರು “ವೀರಮಣಿ” ಎಂದರು, ಮಂದಿಯೂ ಹಾಗೇ ಎಂದರು. ಮದುಮಗಳು ಮಾತ್ರ ನಡುವೆ ತಡೆದಳು.

“ಮುತ್ಯಾ, ಅದು ವೇರಮಣಿ ಅಂತ್ರಿ. ದೂರ ಇರೂದು ಅಂತ ಅರ್ಥ. ಯೂಟ್ಯೂಬಿನಾಗ ಭಿಕ್ಷುಗಳು ಹೇಳ್ತಾರ.”

ಅವಳ ಸೋದರಮಾವ ರೇಗಿದ. “ಫೋನ್ ನೋಡಿ ಮುತ್ಯಾಗೇ ಕಲಿಸ್ತಿಯೇನ? ಆ ಶೀಲದಾಗಿನ ಶಬ್ದ ತಗೊಂಡೇ ನಿನಗ ವೀರಮಣಿ ಅಂತ ಹೆಸರಿಟ್ಟಾರ ಅವ್ರು!”

ಮುತ್ಯಾ ಅವಳ ಫೋನು ಇಸಿದುಕೊಂಡು ಭಿಕ್ಷುಗಳು ಹೇಳುವುದನ್ನು ಕಿವಿಗೆ ಹಿಡಿದು ಕೇಳಿದರು. ಇನ್ನೊಮ್ಮೆ ಕೇಳಿದರು. ಆಮೇಲೆ ಕೈಮುಗಿದು, “ನೀ ಹೇಳವ್ವ. ನಿನ್ನ ಹಿಂದ ನಾನೂ ಹೇಳ್ತೇನಿ” ಎಂದರು.

“ಹಂಗಾದ್ರ ನನ್ನ ಹೆಸರು ತಪ್ಪೇನ್ರಿ, ಮುತ್ಯಾ?”

“ಶೀಲದಾಗ ತಪ್ಪು. ನಿನಗ ಸರಿಯಾಗೇ ಅದ.”

ಅವಳು ಹೇಳಿಸಿದಳು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಮುತ್ಯಾ.

ಪುಟ್ಟಿ, ನಿನ್ನ ಅಜ್ಜಿ ಮರೆಯುವ ಮೊದಲು ಇದನ್ನು ಫೋನಿನಲ್ಲಿ ಬರೆದಿಡು. ಶಬ್ದಕ್ಕೆ ‘ವೇ’, ಹುಡುಗಿಗೆ ‘ವೀ’. ನಿನ್ನ ಫೋನು ತಿದ್ದಲು ಬಂದರೆ, ಹೆಸರಿನ ತಂಟೆಗೆ ಬರಬೇಡ ಅನ್ನು.