ಇನ್ನೊಂದು ಶನಿವಾರಕ್ಕಾಗಿ

ಆಂಟಿಯ ಬಲಗಾಲು ಸುಮ್ಮನಿದ್ದದ್ದನ್ನು ನಾನು ಕಂಡೇ ಇಲ್ಲ. ಕಾರಿನಲ್ಲಿ ನನ್ನ ಪಕ್ಕ ಕೂತು, ಅಲ್ಲಿಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟನ್ನೇ ತೂತು ಮಾಡಿದ್ದರು. ಸ್ಟೇಡಿಯಮ್ಮಿನಲ್ಲಿ ಮಗ ಚೆಂಡು ಒದೆಯಲು ಓಡಿ ಬಂದರೆ ಇವರ ಕಾಲೂ ತಾನಾಗಿ ಎದ್ದು ಮುಂದಿನ ಸಾಲಿನವರ ಬೆನ್ನಿಗೆ ತಾಗುತ್ತಿತ್ತು. "ಸಾರಿ, ಸಾರಿ" ಎನ್ನುತ್ತ ಅವರ ಕೈಗೊಂದು ಕೋಡುಬಳೆ ಇಡುತ್ತಿದ್ದರು.

ನಾನಾಗ ಮದುವೆಯಾಗಿ ನಾರ್ತ್ ಕೆರೊಲಿನಾಕ್ಕೆ ಬಂದ ಹೊಸತು. ಗಂಡ ಕೆಲಸಕ್ಕೆ ಹೋದರೆ ಗೋಡೆ ನೋಡುತ್ತ ಕೂರುವುದೇ ನನ್ನ ದಿನಚರಿ. ಪಕ್ಕದ ಬೀದಿಯ ಆಂಟಿ ಮೈಸೂರಿನವರು. ಅಂಕಲ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬನೇ ಮಗ, ಇಲ್ಲೇ ಹುಟ್ಟಿದವನು, ದೂರದ ಒಂದು ಚಿಕ್ಕ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದ; ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಆಟ. ಎರಡು ಕಂಬಗಳ ನಡುವೆ ಚೆಂಡು ಹೋಗುವಂತೆ ಒದೆಯುವುದಷ್ಟೇ ಅವನ ಕೆಲಸ. "ಆ ದಡಿಯರ ಮಧ್ಯೆ ನಮ್ಮ ಹುಡುಗ ಉಳೀತಾನಾ? ಒದ್ದು ಓಡಿ ಬಂದ್ಬಿಡೋ ಅಂದಿದೀನಿ" ಎಂದು ನಗುತ್ತಿದ್ದರು.

ಇರಾಕ್ ಕುವೈತಿನೊಳಗೆ ನುಗ್ಗಿದ ಮೇಲೆ ಆ ನಗು ನಿಂತಿತು. ಫೀಸಿಗೆ ನೆರವಾಗುತ್ತದೆಂದು ಮಗ ಅಮ್ಮನಿಗೆ ಹೇಳದೆ ಆರ್ಮಿ ರಿಸರ್ವ್ ಸೇರಿದ್ದ ವಿಷಯ ಆಗ ಹೊರಬಿತ್ತು. ಯಾವತ್ತು ಬೇಕಾದರೂ ಅವನಿಗೆ ಯುದ್ಧಕ್ಕೆ ಕರೆ ಬರಬಹುದಿತ್ತು. "ಅಮ್ಮಾ, ಡೋಂಟ್ ವರಿ. ಸೀಸನ್ ಮುಗಿಯೋ ತನಕ ಅವರು ನನ್ನ ಕರೆಯಲ್ಲ. ಕೋಚ್ ಮಾತಾಡಿದಾರೆ" ಎಂದು ಅವನು ಸಮಾಧಾನ ಹೇಳಿದ.

ಅಂದಿನಿಂದ ಆಂಟಿಗೆ ಒಂದೇ ಧ್ಯಾನ. ತಂಡ ಗೆಲ್ಲುತ್ತಿದ್ದರೆ ನಾಕ್‌ಔಟ್ ಪಂದ್ಯಗಳಿಗೆ ಹೋಗುತ್ತದೆ, ಹೋದರೆ ಸೀಸನ್ ಉದ್ದವಾಗುತ್ತದೆ, ಮಗ ಇನ್ನೊಂದು ಶನಿವಾರ ಇಲ್ಲೇ ಇರುತ್ತಾನೆ. ಮೇರಿಲ್ಯಾಂಡಿನಲ್ಲಿದ್ದ ತಂಗಿಗೆ ವಾರವಾರವೂ ಫೋನು: ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಇಡೀ ತಂಡದ ಹೆಸರಿಗೆ ಅರ್ಚನೆ ಮಾಡಿಸು. ಗೋತ್ರ ಏನು ಹೇಳಲಿ ಎಂದು ತಂಗಿ ಕೇಳಿದರೆ, "ನಮ್ದೇ ಹೇಳು. ಯಾರಾದ್ರೂ ಬಂದು ಚೆಕ್ ಮಾಡ್ತಾರಾ?" ಹೀಗೆ ಆ ಕೆರೊಲಿನಾದ ಹುಡುಗರೆಲ್ಲ, ಬಿಳಿಯ ಕರಿಯ ಎಂಬ ಭೇದವಿಲ್ಲದೆ, ತಮಗೇ ತಿಳಿಯದಂತೆ ಭಾರದ್ವಾಜ ಗೋತ್ರದವರಾದರು.

ನನ್ನನ್ನು ಡ್ರೈವಿಂಗ್ ಕಲಿಯಲು ಹಚ್ಚಿದ್ದೂ ಆಗಲೇ. ಟಿವಿಯಲ್ಲಿ ಮರಳುಗಾಡಿನ ಟ್ಯಾಂಕುಗಳನ್ನು ನೋಡಿ ನೋಡಿ ಅವರು ಸ್ಟಿಯರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದರು. "ನೀನೇ ಓಡ್ಸು. ನಾನು ಪಕ್ಕದಲ್ಲಿ ಕೂತು ಬೈತೀನಿ" ಎಂದರು. ಬೈದರು ಕೂಡ, ಮನದಣಿಯೆ. ಹೈವೇಗೆ ಸೇರುವಲ್ಲಿ ನಾನು ಹಿಂಜರಿದರೆ, "ಹೋಗೇ! ನಿನಗೋಸ್ಕರ ಯಾರೂ ರೋಡ್ ಖಾಲಿ ಮಾಡ್ಕೊಂಡು ಕಾಯಲ್ಲ."

ಕೊನೆಯ ಲೀಗ್ ಪಂದ್ಯ. ಇನ್ನೇನು ಮುಗಿಯಬೇಕು, ನಮ್ಮವರು ಎರಡು ಅಂಕ ಹಿಂದೆ; ಅವನು ಒದ್ದದ್ದು ಗುರಿ ಸೇರಿದರೆ ಮೂರು ಅಂಕ. ಎಲ್ಲ ಅವನ ಕಾಲಿನ ಮೇಲೆ ನಿಂತಿತ್ತು. ಆಂಟಿ ಹಿಡಿದ ಹಿಡಿತಕ್ಕೆ ನನ್ನ ತೋಳು ಕಪ್ಪಿಟ್ಟಿತು. ಚೆಂಡು ಕಂಬಗಳ ನಡುವೆ ಹಾದುಹೋಯಿತು. ಆಂಟಿ ಪಕ್ಕದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡು ಅತ್ತರು. "ಇನ್ನೊಂದ್ ಶನಿವಾರ ಸಿಕ್ತು ಕಣೇ!"

ಸಿಗಲಿಲ್ಲ. ಮಂಗಳವಾರ ಕರೆ ಬಂತು. ಶುಕ್ರವಾರದ ಹೊತ್ತಿಗೆ ಮಗ ಹೊರಟುಹೋಗಿದ್ದ.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಆಂಟಿ ಡಬ್ಬಿ ಹಿಡಿದು ನಿಂತಿದ್ದಾರೆ. "ಹೊರಡು, ಲೇಟಾಗತ್ತೆ."

"ಅವನೇ ಇಲ್ಲವಲ್ಲ ಆಂಟಿ..."

"ಟೀಮ್ ಇದೆಯಲ್ಲ."

ಪಂದ್ಯ ಅಟ್ಲಾಂಟಾದ ಕಡೆ. ಮಗನ ಜಾಗಕ್ಕೆ ಬಂದ ಹೊಸ ಹುಡುಗ ಒದ್ದದ್ದೆಲ್ಲ ಗುರಿ ತಪ್ಪಿತು. ಸುತ್ತಲಿನವರು ಗೊಣಗುತ್ತಿದ್ದರೆ ಆಂಟಿ ಪ್ರತಿಸಲವೂ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ಸೋತೆವು, ಚೆನ್ನಾಗಿಯೇ ಸೋತೆವು. ವಾಪಸು ಬರುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಸೀಸನ್ ಮುಗಿಯೋವರೆಗೂ ಕರೆಯಲ್ಲ ಅಂದಿದ್ರಲ್ಲ! ಆ ಕೋಚನ್ನ ಹಿಡಿದು ಕೇಳ್ಬೇಕಿತ್ತು."

"ಶುರುನಲ್ಲೇ ಕೇಳಿದ್ದೆ. ಅವರು ಹಾಗೆ ಹೇಳೇ ಇರ್ಲಿಲ್ಲ" ಎಂದರು ಆಂಟಿ, ರಸ್ತೆಯಿಂದ ಕಣ್ಣು ತೆಗೆಯದೆ.

"ಹಾಗಾದ್ರೆ ಅರ್ಚನೆ ಎಲ್ಲಾ?"

"ಅದು ಸುಳ್ಳಲ್ಲ. ದೇವರಾದ್ರೂ ಅವನ ಮಾತನ್ನ ನಿಜ ಮಾಡ್ಲಿ ಅಂತ." ಅವರ ಬಲಗಾಲು ಮತ್ತೆ ಮ್ಯಾಟನ್ನು ಒತ್ತಿತು. "ಅಮ್ಮ ನಂಬಿದಾಳೆ ಅಂತ ಅವನು ನೆಮ್ಮದಿಯಾಗಿ ಆಡ್ಕೊಂಡಿದ್ದ. ಅದನ್ನೂ ಕಿತ್ಕೊಳ್ಳೋದಾ?"

ಅಂಥ ಧೈರ್ಯವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ.

ಮಗ ಮರುವರ್ಷ ಸುರಕ್ಷಿತವಾಗಿ ಬಂದ, ಓದು ಮುಗಿಸಿದ. ಮತ್ತೆ ಚೆಂಡು ಮುಟ್ಟಲಿಲ್ಲ. ಆ ದಶಕ ಮುಗಿಯುವ ಮೊದಲೇ ಆಂಟಿ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು ನಾನೇ. ಅವರೇ ಕಲಿಸಿದ ವಿದ್ಯೆ ಕೊನೆಗೆ ಅವರಿಗೇ ಬೇಕಾಗಿ ಬಂತು.

ಅಂತ್ಯಕ್ರಿಯೆಯೆಲ್ಲ ಮುಗಿದ ಮೇಲೆ ಮಗ ಪಾರ್ಕಿಂಗ್ ಲಾಟಿನಲ್ಲಿ ನನ್ನ ಪಕ್ಕ ಬಂದು ನಿಂತ. "ಅಕ್ಕಾ, ಆ ವಾರ್ ಟೈಮಲ್ಲಿ ನಾನು ಅಮ್ಮನಿಗೆ ಒಂದು ಬಿಗ್ ಲೈ ಹೇಳಿದ್ದೆ. ಸೀಸನ್ ಬಗ್ಗೆ. ಅಮ್ಮ ಬಿಲೀವ್ ಮಾಡಿದ್ರು, ಅಲ್ವಾ?"

ನಾನು ಅವನ ಕಣ್ಣನ್ನೇ ನೋಡಿದೆ.

"ಹೌದು ಕಣೋ, ಪೂರ್ತಿ ನಂಬಿದ್ರು" ಎಂದೆ.