ಎಣಿಸದೆ ಬಿಟ್ಟ ವಾಕ್ಯಗಳು

ಅಕ್ಕನ ತರಗತಿಯಲ್ಲಿ ನಾನು ಕೂತದ್ದು ಒಂದೇ ಸಲ, ಆ ಶನಿವಾರ. ಹೊಲಿದ ಯೂನಿಫಾರ್ಮ್‌ಗಳನ್ನು ಕೊಡಲೆಂದು ಆಲ್ದೂರಿನಿಂದ ಅವಳ ಜೊತೆಯಲ್ಲೇ ಮೂಡಿಗೆರೆಗೆ ಹೋಗಿದ್ದೆ. ಅವಳು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಹಿಡಿದವಳು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಬಸ್‌ಸ್ಟ್ಯಾಂಡಿನ ಪಕ್ಕ ಇಂಟರ್‌ನೆಟ್ ಅಂಗಡಿ ಬಂದ ಮೇಲೆ ಮಕ್ಕಳು ಇಂಗ್ಲಿಷ್ ಪಾಠದ ಪ್ಯಾರಾವನ್ನು ಅಲ್ಲಿನ ಕಂಪ್ಯೂಟರಿನ ಅನುವಾದ ಯಂತ್ರದಲ್ಲಿ ಹಿಂದಿಗೆ ತಿರುಗಿಸಿ, ಪ್ರಿಂಟ್ ತೆಗೆಸಿ, ಹೋಂವರ್ಕ್ ಎಂದು ತಂದು ಕೊಡುತ್ತಿದ್ದರು. ಅಕ್ಕ ಬೈಯಲಿಲ್ಲ. ಆ ಶನಿವಾರ ಇಂಗ್ಲಿಷ್, ಹಿಂದಿ ಎರಡೂ ಹಾಳೆ ತರಿಸಿ, ಓದುವ ಮೊದಲು ವಾಕ್ಯಗಳನ್ನು ಎಣಿಸಲು ಹೇಳಿದಳು. ಇಂಗ್ಲಿಷಿನಲ್ಲಿ ಹತ್ತು ಇದ್ದವು, ಹಿಂದಿಯಲ್ಲಿ ಒಂಬತ್ತು.

“ಆ ಯಂತ್ರ ನಮ್ಮ ಅಮ್ಮನ ಹಾಗೆ ಟೀಚರ್,” ಎಂದಳು ಕಾಫಿ ಎಸ್ಟೇಟಿನ ಕೂಲಿ ಲೈನಿನ ಹುಡುಗಿಯೊಬ್ಬಳು. “ತೋಟದಲ್ಲಿ ಜಿಗಣೆ ಇದ್ರೆ ಅವಳೂ ಆ ಗಿಡ ಬಿಟ್ಟು ಮುಂದಿನ ಗಿಡಕ್ಕೆ ಹೋಗ್ತಾಳೆ.”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಹೇಳಿದಳು: “ತಪ್ಪು ಬರೆದದ್ದು ಕಣ್ಣಿಗೆ ಬೀಳ್ತದೆ. ಬಿಟ್ಟದ್ದು ಬೀಳೋದಿಲ್ಲ. ಅದಕ್ಕೇ ಎಣಿಸಿ. ಆಮೇಲೆ ಇನ್ನೊಬ್ಬರ ಕೈಲಿ ಓದಿಸಿ.”

ಸೋಮವಾರ ಮಂಗಳೂರಿನ ಆಸ್ಪತ್ರೆಯಿಂದ ಲಕೋಟೆ ಬಂತು. ಹದಿನೈದು ದಿನದ ಹಿಂದೆ ಅಕ್ಕ ಹೊಟ್ಟೆನೋವಿಗೆಂದು ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅವಳಿಗೆ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಅವಳ ಶಾಲೆಯ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸೋಣ ಎಂದೆ.

“ಬೇಡ ಮಾರಾಯ್ತಿ. ನಾಳೆ ಸ್ಟಾಫ್ ರೂಮಿನಲ್ಲೆಲ್ಲ ನನ್ನ ಹೊಟ್ಟೆಯದೇ ಮಾತು.”

ಆ ಯಂತ್ರಕ್ಕೆ ಆಗ ಕನ್ನಡ ಬರುತ್ತಿರಲಿಲ್ಲ. ಮರುದಿನ ಅವಳೇ ಅಂಗಡಿಯಲ್ಲಿ ವರದಿಯನ್ನು ಹಿಂದಿಗೆ ತಿರುಗಿಸಿ ತಂದಳು. ಸಂಜೆ ನನ್ನ ಹೊಲಿಗೆ ಮೆಷಿನ್ ಪಕ್ಕ ಕೂತು ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದಳು. ಮರೆಯಬಾರದೆಂದು ನಾನು ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ. ರಕ್ತ ಕಡಿಮೆ ಇದೆ. ಹೊಟ್ಟೆಯಲ್ಲಿ ಹುಣ್ಣಿದೆ. ಖಾರ ಬಿಡಬೇಕು. ಹೀಗೆ.

“ಇಷ್ಟೇನಾ?” ಎಂದೆ.

“ಇಷ್ಟೇ,” ಎಂದು ಹಿಂದಿ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಇಂಗ್ಲಿಷ್ ಹಾಳೆ ನನ್ನ ಕತ್ತರಿಯ ಕೆಳಗೇ ಇತ್ತು. ವಾಕ್ಯ ಎಣಿಸಲು ಇಂಗ್ಲಿಷ್ ಬರಬೇಕಿರಲಿಲ್ಲ, ಚುಕ್ಕಿ ಎಣಿಸಿದರೆ ಸಾಕಿತ್ತು. ನಾನು ಎಣಿಸಲಿಲ್ಲ.

ಆ ಮಳೆಗಾಲವಿಡೀ ಮೆಣಸು ಹಾಕದೆ ಸಾರು ಮಾಡಿದೆ. ಅವಳ ರವಿಕೆಗಳನ್ನು ಮೂರು ಸಲ ಒಳಗೆ ಹಿಡಿದು ಹೊಲಿದೆ. ಮೂರನೆಯ ಸಲ ಅವಳು ಕನ್ನಡಿಯ ಮುಂದೆ ನಿಲ್ಲಲಿಲ್ಲ. ಕಾಫಿ ಹಣ್ಣಾಗುವ ಹೊತ್ತಿಗೆ ಅಕ್ಕ ಇರಲಿಲ್ಲ.

ತಿಥಿ ಕಳೆದ ಮೇಲೆ ಮಾತಾಡಿಸಲು ಬಂದ ಇಂಗ್ಲಿಷ್ ಮೇಷ್ಟ್ರಿಗೆ ವರದಿ ಕೊಟ್ಟೆ. ಅವರು ಎರಡು ಸಲ ಓದಿ, ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದರು. ಅದರಲ್ಲಿ ಒಂಬತ್ತು ವಾಕ್ಯಗಳಿದ್ದವು. ನನ್ನ ಅಳತೆ ಪುಸ್ತಕದಲ್ಲಿ ಏಳು. ಹುಣ್ಣು ಕ್ಯಾನ್ಸರ್ ಇರಬಹುದು ಎಂಬುದು ಒಂದು, ತಡಮಾಡದೆ ಬನ್ನಿ ಎಂಬುದು ಇನ್ನೊಂದು, ಇವೆರಡು ಇರಲಿಲ್ಲ.

ಯಂತ್ರ ಬಿಟ್ಟಿತೋ, ಅಕ್ಕ ಬಿಟ್ಟಳೋ, ಅವಳು ಅಂದು ತಂದ ಹಾಳೆ ನೋಡಿದರೆ ಗೊತ್ತಾಗುತ್ತದೆ. ಬ್ಯಾಗು ನೋಡಿದೆ, ಟ್ರಂಕು ನೋಡಿದೆ, ಶಾಲೆಯ ಬೀರುವನ್ನೂ ತೆಗೆಸಿ ನೋಡಿದೆ. ಹಿಂದಿ ಹಾಳೆ ಸಿಕ್ಕಿಲ್ಲ.