ಪೂರ್ತಿ ಒಂದು ನಿಮಿಷ

ಕೈಗಡಿಯಾರದ ಪಟ್ಟಿ ಕಿತ್ತುಹೋಗಿದೆಯೆಂದು ಮೊನ್ನೆ ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹಳೆಯ ಚರ್ಮದ ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟ. ಬಿಸಾಡುವ ಮುಂಚೆ ಯಾಕೋ ಮೂಸಿ ನೋಡಿದೆ. ಸ್ಪಿರಿಟ್ಟು, ಬೆವರು, ಕೊಬ್ಬರಿ ಎಣ್ಣೆ... ನಮ್ಮ ಬಾಜೂಮನೆಯ ನರ್ಸ್‌ಬಾಯಿಯವರ ಮುಂಗೈ ವಾಸನೆ ಅದು.

ಸರಕಾರಿ ದವಾಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಅವರನ್ನು ಓಣಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ಸೂಜಿಗೆ ಅಂಜುವ ಮೀಸೆ ಗಂಡಸರನ್ನೂ ಗದರಿಸಿ ಕೂರಿಸಿದವರು. ನಾನು ನರ್ಸಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಮೂರು ಇಂಟರ್‌ವ್ಯೂಗಳಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೇಳುವಷ್ಟರಲ್ಲೇ ನಾಲಿಗೆ ಒಣಗಿ ವಾಪಸು ಬಂದಿದ್ದೆ. ನಾಲ್ಕನೆಯದಕ್ಕೆ ವಿಜಯಪುರದ ಒಂದು ಆಸ್ಪತ್ರೆಯಿಂದ ಕರೆ ಬಂತು. ಇದೂ ತಪ್ಪಿದರೆ ಅಪ್ಪ ತಾಂಬಾದ ವರನ ಕಡೆಯವರಿಗೆ ಹೂಂ ಅನ್ನುವವರಿದ್ದರು.

ದಿನಾ ಮಧ್ಯಾಹ್ನ ನರ್ಸ್‌ಬಾಯಿಯವರ ಪಡಸಾಲೆಯಲ್ಲಿ ತಯಾರಿ. ಪ್ರಶ್ನೆ ಕೇಳುವ ಡಾಕ್ಟರೂ ಅವರೇ, ಪೇಶಂಟೂ ಅವರೇ. ನಾನು ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿದರೆ ಕೈ ಕಿತ್ತುಕೊಳ್ಳುತ್ತಿದ್ದರು.

"ಪೂರ್ತಿ ಒಂದು ನಿಮಿಷ ಎಣಸು. ಮಷೀನು ಸುಳ್ಳು ಹೇಳಬಹುದು, ಬೆರಳು ಹೇಳಂಗಿಲ್ಲ."

ಇಂಟರ್‌ವ್ಯೂಗೆ ಎರಡು ದಿನ ಇರುವಾಗ ಹೇಳಿದಂತೆಯೇ ಎಣಿಸಿದೆ. ನಾಡಿ ಒಮ್ಮೆ ಓಡಿತು, ಒಮ್ಮೆ ನಿಂತೇಬಿಟ್ಟಂತಾಯಿತು, ಮತ್ತೆ ಎರಡು ಬಡಿತ ಒಟ್ಟಿಗೇ ಬಂದವು.

"ಬಾಯಾರ, ಲೆಕ್ಕ ಸಿಗವಲ್ದರಿ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ನಿನ್ನ ಬೆರಳು ತಪ್ಪ್ಯಾವು. ಅಂಜಿದ್ರ ಹಂಗ ಆಕ್ಕೈತಿ. ನಾ ಆರಾಮ ಅದೀನಿ. ನಡಿ, ಮುಂದಿನ ಪ್ರಶ್ನಿ."

ನಂಬಿದೆ. ನಾಲ್ಕು ವರ್ಷ ಇದನ್ನೇ ಓದಿದವಳು, ತಪ್ಪು ನನ್ನದೇ ಎಂದು ಎಷ್ಟು ಸಲೀಸಾಗಿ ನಂಬಿಬಿಟ್ಟೆ...

ಹೊರಡುವ ಮುಂಜಾನೆ ತಮ್ಮ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದರು. ಇಂಟರ್‌ವ್ಯೂನಲ್ಲಿ ನಾನು ಇಂಗ್ಲಿಷಿಗೆ ತಡವರಿಸುವುದನ್ನು ಕಂಡು ಡಾಕ್ಟರೊಬ್ಬರು ಕನ್ನಡದಲ್ಲೇ ಕೇಳಿದರು. "ನಾಡಿ ಏರುಪೇರಾಗಿ ಸಿಕ್ಕರೆ ಏನು ಮಾಡ್ತೀಯಮ್ಮ?"

"ನನ್ನ ಎಣಿಕಿ ತಪ್ಪೈತಿ ಅಂತ ಬಿಡಂಗಿಲ್ರಿ. ಮತ್ತೊಮ್ಮಿ ಪೂರ್ತಿ ನಿಮಿಷ ಎಣಿಸಿ, ತಡಾ ಮಾಡದ ಡಾಕ್ಟರಿಗೆ ತಿಳಸ್ತೇನ್ರಿ."

ಹೇಳಿ ಮುಗಿಸುವಷ್ಟರಲ್ಲಿ ನರ್ಸ್‌ಬಾಯಿಯವರ ಮುಂಗೈ ನೆನಪಾಯಿತು. ಡಾಕ್ಟರು ತಲೆಯಾಡಿಸಿ ಏನೋ ಬರೆದುಕೊಂಡರು.

ಹೊರಗೆ ಬಂದವಳೇ ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಅಳುತ್ತಿದ್ದಳು. "ಕಟ್ಟಿ ಮ್ಯಾಲ ಕುಂತ ಬಾಯಾರು ಹಂಗ ವಾಲಿಬಿಟ್ರು. ಬಾಯಿ ಸೊಟ್ಟ ಆಗೇತಿ. ಹುಡುಗಿದು ಇಂಟರ್‌ವ್ಯೂ ಮುಗೀಲಿ, ಆಮ್ಯಾಲ ತೋರಿಸ್ಕೋತೇನಿ, ಆಕಿಗಿ ಹೇಳಬ್ಯಾಡ ಅಂತ ಮೊನ್ನೆನ ನನಗ ಅಂದಿದ್ರು."

ಎಂಟು ದಿನ ಇದ್ದರು. ಮಾತು ಹೋಗಿತ್ತು. ಹಾಸಿಗೆಯ ಪಕ್ಕ ಕೂತು, ಅವರದೇ ಗಡಿಯಾರ ನೋಡುತ್ತ, ದಿನಾ ಪೂರ್ತಿ ಒಂದು ನಿಮಿಷ ಎಣಿಸಿದೆ. ನಾಡಿ ಹಾಗೆಯೇ ಎಡವುತ್ತಿತ್ತು. ಬೆರಳು ತಪ್ಪ್ಯಾವು ಎನ್ನಲು ಅವರಿಗೆ ಆಗಲಿಲ್ಲ. ಅವರು ಹೋದ ಮರುದಿನ ನೇಮಕದ ಪತ್ರ ಬಂತು.

ಈಗಲೂ ಅದೇ ಕೆಲಸದಲ್ಲಿದ್ದೇನೆ. ಮಾಡದೆ ಬಿಟ್ಟದ್ದನ್ನು ಚೆನ್ನಾಗಿ ಹೇಳಿದ್ದಕ್ಕೆ ಸಿಕ್ಕ ಕೆಲಸ. ಎಷ್ಟು ಜನರ ನಾಡಿ ಹಿಡಿದರೂ ಈ ಸಂಕಟ ಇಳಿಯುವುದಿಲ್ಲ, ಇಳಿಯುತ್ತದೆಂಬ ಆಸೆಯೂ ಈಗಿಲ್ಲ. ಹಳೆಯ ಪಟ್ಟಿ ಪರ್ಸಿನಲ್ಲಿದೆ, ಅದರ ವಾಸನೆ ಆಗಲೇ ಕಡಿಮೆಯಾಗುತ್ತಿದೆ...

ನಿನ್ನೆ ವಾರ್ಡಿನಲ್ಲಿ ಒಬ್ಬ ಅಜ್ಜಿ ಬೇಸತ್ತು ಅಂದಳು, "ಎಷ್ಟ್ ಸಲ ಎಣಸ್ತಿಯವ್ವಾ, ನಾ ಆರಾಮ ಅದೀನಿ."

ನಾನು ಕೈ ಬಿಡಲಿಲ್ಲ.